ನಲ್ಲಿಯ ಮೇಲಿನ ಜರ್ಮನ್ ಅಕ್ಷರ

ನಾನು ಏಳು ತಿಂಗಳು ಬಾಡಿಗೆಗಿದ್ದ ಮನೆಯ ಬಚ್ಚಲಲ್ಲಿ ಎರಡು ಹಳೇ ಹಿತ್ತಾಳೆ ನಲ್ಲಿಗಳಿದ್ದವು. ಒಂದರ ತಲೆಯ ಮೇಲೆ ಬಿಳಿ ಪಿಂಗಾಣಿಯ ಬಿಲ್ಲೆ. ಅದರಲ್ಲಿ 'ಕಾಲ್ಟ್' ಅಂತ ಬರೆದಿತ್ತು. ಇನ್ನೊಂದರಲ್ಲಿ 'ವಾರ್ಮ್'. ಜರ್ಮನ್ ಭಾಷೆಯಲ್ಲಿ ಒಂದು ತಣ್ಣೀರು, ಇನ್ನೊಂದು ಬಿಸಿನೀರು. ಆದರೆ ಊರು ಪೋಲೆಂಡಿನದು. ಕಟ್ಟಡದಲ್ಲಿ ಇದ್ದವರೆಲ್ಲ ಪೋಲಿಶ್ ಮಾತಾಡುವವರು. ಜರ್ಮನ್ ಬರುವವರು ಒಬ್ಬರೂ ಇರಲಿಲ್ಲ.

ಊರಿನ ಹೆಸರು ವ್ರೊತ್ಸ್ವಾಫ್. ಓದ್ರಾ ನದಿಯ ಮೇಲಿದೆ. ಮೇಲಿದೆ ಅಂತ ಸುಮ್ನೆ ಹೇಳುತ್ತಿಲ್ಲ. ನದಿ ಇಲ್ಲಿ ಹಲವು ಕವಲಾಗಿ ಒಡೆದು, ನಡುವೆ ದ್ವೀಪಗಳನ್ನು ಬಿಟ್ಟು ಹರಿಯುತ್ತದೆ. ನೂರಕ್ಕೂ ಜಾಸ್ತಿ ಸೇತುವೆಗಳಿವೆ. ಎಲ್ಲಿಗೆ ಹೋಗಬೇಕಾದರೂ ನೀರು ದಾಟಲೇಬೇಕು. ಕಚೇರಿ ಕೆಲಸದ ಮೇಲೆ ಮೇ ತಿಂಗಳಲ್ಲಿ ಅಲ್ಲಿಗೆ ಹೋದವಳು ನವೆಂಬರ್ ಕೊನೆಗೆ ವಾಪಸ್ ಬಂದೆ.

ಮನೆಯೊಡತಿ ಕೆಳಗಿನ ಮಹಡಿಯಲ್ಲೇ ಇದ್ದರು. 1948ರಲ್ಲಿ ಅದೇ ಕಟ್ಟಡದಲ್ಲಿ ಹುಟ್ಟಿದವರು. ಹಿರಿಯ ಹೆಂಗಸರನ್ನು ಅಲ್ಲಿ 'ಪಾನಿ' ಅಂತ ಕರೆಯುತ್ತಾರೆ, ನಾವು ಅಮ್ಮಾವ್ರೇ ಅಂದ ಹಾಗೆ. ನನಗೆ ಮಾತ್ರ ಅವರು ಎರಡೇ ವಾರದಲ್ಲಿ ಅಜ್ಜಿ ಆಗಿಬಿಟ್ಟರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಪೋಲಿಶ್ ಅಷ್ಟಕ್ಕಷ್ಟೆ. ಕಾಲೇಜಿಗೆ ಹೋಗುವ ಮೊಮ್ಮಗಳು ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದಳು. ನಲ್ಲಿ ಯಾಕೆ ಬದಲಾಯಿಸಿಲ್ಲ ಅಂತ ಒಮ್ಮೆ ಕೇಳಿದೆ.

"ಕೆಟ್ಟರೆ ತಾನೆ ಬದಲಾಯಿಸೋದು?" ಅಂದರು ಅಜ್ಜಿ. ಆಮೇಲೆ ಒಂದು ಪದ ಹೇಳಿದರು. ಪೊನ್ಯೆಮ್ಯೆತ್ಸ್ಕ್ಯೆ. ಜರ್ಮನ್ನರು ಬಿಟ್ಟುಹೋದದ್ದು ಅಂತ ಅರ್ಥ. ಆ ಊರಲ್ಲಿ ಇದು ದಿನಬಳಕೆಯ ಮಾತು. ಬೀರು, ಹೊಲಿಗೆ ಯಂತ್ರ, ಸೇಬಿನ ಮರ, ಮನೆ, ಬೀದಿ, ಚರಂಡಿ, ಎಲ್ಲಕ್ಕೂ ಅದೇ ಪದ. ಒಂದು ಇಡೀ ನಗರವನ್ನು ಹಾಗೆ ಕರೆಯಬೇಕಾದ ಸ್ಥಿತಿ ಹೇಗೆ ಬಂತು ಅನ್ನೋದು ನನ್ನ ತಲೆಯಿಂದ ಇಳಿಯಲೇ ಇಲ್ಲ.

ಊರು ಹಳೆಯದು. ಇಸವಿ 1000ದ ಹೊತ್ತಿಗೇ ಇಲ್ಲಿ ಒಬ್ಬ ಬಿಷಪ್ ಇದ್ದರು. ಆಗ ಪೋಲೆಂಡಿನ ಪಿಯಾಸ್ಟ್ ಮನೆತನದ ಆಳ್ವಿಕೆ. 1241ರಲ್ಲಿ ಮಂಗೋಲರ ದಾಳಿಗೆ ಊರು ಸುಟ್ಟುಹೋಯಿತು. ಅದೇ ವರ್ಷ ಏಪ್ರಿಲಿನಲ್ಲಿ ಲೆಗ್ನಿತ್ಸಾ ಹತ್ತಿರದ ಯುದ್ಧದಲ್ಲಿ ದೊರೆ ಎರಡನೇ ಹೆನ್ರಿ ಸತ್ತ. ಸುಟ್ಟ ಊರನ್ನು ಮತ್ತೆ ಕಟ್ಟುವಾಗ ಜರ್ಮನ್ ಕಡೆಯ ವ್ಯಾಪಾರಿಗಳು, ಕುಶಲಕರ್ಮಿಗಳು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದರು. ಈಗಲೂ ಊರಿನ ನಡುವೆ ಇರುವ ರಿನೆಕ್ ಅನ್ನೋ ದೊಡ್ಡ ಚೌಕ, ಅದರಿಂದ ನೇರಕ್ಕೆ ಹೊರಡುವ ಬೀದಿಗಳು, ಎಲ್ಲ ಆ ಕಾಲದ ಅಳತೆ. 1335ರಲ್ಲಿ ಬೊಹೀಮಿಯಾದ, ಅಂದರೆ ಈಗಿನ ಚೆಕ್ ನಾಡಿನ, ರಾಜನ ಕೈಗೆ ಹೋಯಿತು. 1526ರಲ್ಲಿ ಮೊಹಾಚ್ ಯುದ್ಧದಲ್ಲಿ ಬೊಹೀಮಿಯಾ, ಹಂಗೇರಿಗಳ ರಾಜ ಸತ್ತಮೇಲೆ ಆಸ್ಟ್ರಿಯಾದ ಹ್ಯಾಪ್ಸ್‌ಬರ್ಗ್ ಮನೆತನದ ಪಾಲಾಯಿತು. 1741ರಲ್ಲಿ ಜರ್ಮನ್ ರಾಜ್ಯವಾದ ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್ ಹಿಡಿದ. 1871ರಲ್ಲಿ ಹೊಸ ಜರ್ಮನ್ ಸಾಮ್ರಾಜ್ಯದ ಭಾಗವಾಯಿತು. ಆಗಿನ ಹೆಸರು ಬ್ರೆಸ್ಲಾವ್.

ಇಷ್ಟು ಸಲ ಒಡೆಯರು ಬದಲಾದರು, ನಿಜ. ಆದರೆ ಪ್ರತಿ ಸಲ ಬದಲಾದದ್ದು ಧ್ವಜ, ತೆರಿಗೆ ಹೋಗುವ ಜಾಗ, ಕೆಲವೊಮ್ಮೆ ಕಚೇರಿಯ ಭಾಷೆ. ಬೀದಿಯ ಜನ ನಿಧಾನವಾಗಿ ಬೆರೆಯುತ್ತಾ, ಮಾತು ಬದಲಿಸುತ್ತಾ ಅಲ್ಲೇ ಉಳಿದರು. ಪೋಲಿಶ್ ಆಡುವವರು, ಚೆಕ್ ಆಡುವವರು, ಯಹೂದಿಗಳು, ಜಾಸ್ತಿ ಜಾಸ್ತಿಯಾಗಿ ಜರ್ಮನ್ ಆಡುವವರು. ನೂರಿನ್ನೂರು ವರ್ಷದ ಲೆಕ್ಕದಲ್ಲಿ ಆದ ಬದಲಾವಣೆ ಅದು. ರಾಜ ಸತ್ತ ಅಂತ ಯಾರೂ ಮನೆ ಖಾಲಿ ಮಾಡಲಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಊರು ಉಬ್ಬಿತು. 1842ರಲ್ಲಿ ಇಲ್ಲಿಂದ ಪಕ್ಕದ ಓಹ್ಲಾವ್‌ಗೆ ರೈಲು ಓಡಿತು. ಈಗಿನ ಪೋಲೆಂಡಿನ ನೆಲದಲ್ಲಿ ಅದೇ ಮೊದಲ ರೈಲು. ಕಾರ್ಖಾನೆ ಬಂದವು. 1871ರಲ್ಲಿ ಎರಡು ಲಕ್ಷದಷ್ಟಿದ್ದ ಜನ 1910ಕ್ಕೆ ಐದು ಲಕ್ಷ ದಾಟಿದರು. ನಾನಿದ್ದ ನದೋದ್ಜೆ ಬಡಾವಣೆ ಎದ್ದದ್ದು ಆಗಲೇ. ಐದೈದು ಮಹಡಿ, ಒಳಗೆ ಕತ್ತಲೆ ಅಂಗಳ, ಮೆಟ್ಟಿಲ ಪಕ್ಕ ಕಬ್ಬಿಣದ ಬಳ್ಳಿ ಕೆತ್ತನೆ. 1939ಕ್ಕೆ ಜನಸಂಖ್ಯೆ ಸುಮಾರು 6 ಲಕ್ಷ 29 ಸಾವಿರ.

ಯಹೂದಿಗಳ ಮಾತು ಇಲ್ಲಿ ಬಿಡುವಂತಿಲ್ಲ. 1920ರ ದಶಕದಲ್ಲಿ ಬ್ರೆಸ್ಲಾವ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳಿದ್ದರು. ಬರ್ಲಿನ್, ಫ್ರಾಂಕ್‌ಫರ್ಟ್ ಬಿಟ್ಟರೆ ಜರ್ಮನಿಯಲ್ಲಿ ಅತಿ ದೊಡ್ಡ ಸಮುದಾಯ ಅದು. 1882ರಲ್ಲಿ ಇಲ್ಲೇ ಹುಟ್ಟಿದ ಒಬ್ಬ ಹುಡುಗನಿಗೂ ನಮ್ಮ ಬೆಂಗಳೂರಿಗೂ ನಂಟಿದೆ. ಮ್ಯಾಕ್ಸ್ ಬಾರ್ನ್. ಅಪ್ಪ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅಂಗರಚನೆ ಕಲಿಸುತ್ತಿದ್ದರು. ಬಾರ್ನ್ ಕ್ವಾಂಟಂ ಭೌತಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬರಾದರು. 1933ರಲ್ಲಿ ನಾಜಿಗಳು ಬಂದಾಗ ಅವರನ್ನು ಗಾಟಿಂಗೆನ್‌ನ ಕೆಲಸದಿಂದ ತೆಗೆದರು. ಸಿ. ವಿ. ರಾಮನ್ ಕರೆದರು. 1935ರ ಕೊನೆಯಿಂದ ಕೆಲವು ತಿಂಗಳು ಬಾರ್ನ್ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇದ್ದರು. ಅವರನ್ನು ಅಲ್ಲೇ ಉಳಿಸಿಕೊಳ್ಳಬೇಕು ಅಂತ ರಾಮನ್ ಪ್ರಯತ್ನಿಸಿದರು, ಆಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಊರಲ್ಲಿ ನಡೆಯುವಾಗ ನನಗೆ ಮಲ್ಲೇಶ್ವರದ ಆಚೆಯ ಆ ಮರಗಳ ರಸ್ತೆ ನೆನಪಾಗುತ್ತಿತ್ತು. ಇಂಥವರನ್ನು ನಾವು ಉಳಿಸಿಕೊಳ್ಳಬಹುದಿತ್ತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಬಾರ್ನ್ ಪಾರಾದರು. ಉಳಿದವರೆಲ್ಲ ಪಾರಾಗಲಿಲ್ಲ. 1938ರ ನವೆಂಬರಿನಲ್ಲಿ ಇಲ್ಲಿನ ದೊಡ್ಡ ಸಿನಗಾಗ್ ಸುಟ್ಟರು. 1941ರ ನವೆಂಬರಿನಲ್ಲಿ ಸುಮಾರು ಸಾವಿರ ಜನರನ್ನು ರೈಲಿಗೆ ಹತ್ತಿಸಿ ಲಿಥುವೇನಿಯಾದ ಕೌನಸ್‌ಗೆ ಒಯ್ದರು. ಅಲ್ಲಿನ ಒಂಬತ್ತನೇ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಆ ರೈಲು ಹೊರಟದ್ದು ನಾನು ದಿನಾ ಟ್ರಾಮ್ ಹಿಡಿಯುತ್ತಿದ್ದ ನಿಲ್ದಾಣದ ಹತ್ತಿರವೇ, ನದೋದ್ಜೆಯಿಂದಲೇ. ಊರಿನ ಜನ ಬದಲಾದದ್ದು 1945ರಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದು ಶುರುವಾದದ್ದು ಈ ರೈಲುಗಳಿಂದ. ಊರಿನವರನ್ನು ಊರಿನವರಲ್ಲ ಅಂತ ಎಣಿಸೋದು ಆಗಲೇ ಶುರುವಾಗಿತ್ತು.

1944ರ ಆಗಸ್ಟಿನಲ್ಲಿ ಹಿಟ್ಲರ್ ಈ ಊರನ್ನು ಕೋಟೆ ಅಂತ ಘೋಷಿಸಿದ. ಅಂದರೆ ಕೊನೆಯ ಮನುಷ್ಯನವರೆಗೂ ಶರಣಾಗಬಾರದು. ಅದುವರೆಗೆ ಬಾಂಬು ಹೆಚ್ಚು ಬೀಳದ ಊರು ಇದು, ಹಾಗಾಗಿ ಬೇರೆ ಕಡೆಯಿಂದ ಓಡಿಬಂದವರೂ ಇಲ್ಲಿ ತುಂಬಿದ್ದರು. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಹತ್ತಿರ ಬಂತು. ನಾಜಿ ಪಕ್ಷದ ಮುಖ್ಯಸ್ಥ ಕಾರ್ಲ್ ಹಾಂಕೆ ಹೆಂಗಸರು, ಮಕ್ಕಳು ತಕ್ಷಣ ಊರು ಬಿಡಬೇಕು ಅಂತ ಆಜ್ಞೆ ಹೊರಡಿಸಿದ. ಬೇಗ ಹೇಳಿದ್ದರೆ ರೈಲಿನಲ್ಲಿ ಹೋಗಬಹುದಿತ್ತು. ತಡವಾಗಿ ಹೇಳಿದ. ರೈಲಿನಲ್ಲಿ ಜಾಗ ಇಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕೈಗೂಸು ಎತ್ತಿಕೊಂಡು ಹಿಮದಲ್ಲಿ ನಡೆದರು. ಎಷ್ಟೋ ಮಕ್ಕಳು ದಾರಿಯಲ್ಲೇ ಸೆಟೆದುಹೋದವು. ಊರನ್ನು ಕೋಟೆ ಮಾಡುವುದು ಬೇಡ ಅಂದ ಉಪಮೇಯರ್ ವುಲ್ಫ್‌ಗಾಂಗ್ ಸ್ಪೀಲ್‌ಹಾಗೆನ್‌ನನ್ನು ರಿನೆಕ್ ಚೌಕದಲ್ಲಿ ಗುಂಡಿಟ್ಟು ಕೊಂದರು.

ಫೆಬ್ರವರಿ ಮಧ್ಯದಿಂದ ಮುತ್ತಿಗೆ. ಒಂದೊಂದು ಮನೆಗೂ ಕಾದಾಟ. ಊರಿನ ಒಳಗೇ ವಿಮಾನ ಇಳಿಸಬೇಕು ಅಂತ ಒಂದು ಚೆಂದದ ಬೀದಿಯ ಮನೆಗಳನ್ನೆಲ್ಲ ಜರ್ಮನ್ನರೇ ಕೆಡವಿದರು. ಈಗ ಅದು ಗ್ರುನ್‌ವಾಲ್ಡ್ ಚೌಕ. ಅಲ್ಲಿ ಯಾಕಿಷ್ಟು ಬಯಲು ಅಂತ ನನಗೆ ಮೊದಲು ತಿಳಿದಿರಲಿಲ್ಲ. ಮೇ 2ಕ್ಕೆ ಬರ್ಲಿನ್ ಬಿತ್ತು. ಬ್ರೆಸ್ಲಾವ್ ಶರಣಾದದ್ದು ಮೇ 6ಕ್ಕೆ. ಕೊನೆಯವರೆಗೂ ಹೋರಾಡಿ ಅಂದಿದ್ದ ಹಾಂಕೆ ವಿಮಾನ ಹತ್ತಿ ಓಡಿಹೋಗಿದ್ದ. ಊರಿನ ಮುಕ್ಕಾಲು ಪಾಲು ಹಾಳಾಗಿತ್ತು.

ಕೆಲವೇ ದಿನಗಳಲ್ಲಿ ಹೊಸ ಪೋಲಿಶ್ ಮೇಯರ್ ಬೊಲೆಸ್ವಾಫ್ ದ್ರೋಬ್ನರ್ ತನ್ನ ತಂಡದ ಜೊತೆ ಬಂದಿಳಿದರು. ಯುದ್ಧದ ಕೊನೆಗೆ ದೊಡ್ಡ ದೇಶಗಳು ಪೋಲೆಂಡನ್ನು ಪಶ್ಚಿಮಕ್ಕೆ ಸರಿಸಿದ್ದವು. ಪೂರ್ವದಲ್ಲಿ ಪೋಲೆಂಡಿನದಾಗಿದ್ದ ಲ್ವಿವ್ (ಈಗ ಉಕ್ರೇನಿನಲ್ಲಿದೆ), ವಿಲ್ನಿಯಸ್ ಊರುಗಳು ಸೋವಿಯತ್ ಒಕ್ಕೂಟಕ್ಕೆ ಹೋದವು. ಅದರ ಬದಲಿಗೆ ಪಶ್ಚಿಮದಲ್ಲಿ ಓದ್ರಾ, ನೈಸೆ ನದಿಗಳ ಗಡಿಯವರೆಗಿನ ಜರ್ಮನ್ ನೆಲ ಪೋಲೆಂಡಿಗೆ. 1945ರ ಆಗಸ್ಟಿನಲ್ಲಿ ಊರಲ್ಲಿ ಇನ್ನೂ ಸುಮಾರು 1 ಲಕ್ಷ 90 ಸಾವಿರ ಜರ್ಮನ್ನರಿದ್ದರು. ಪೋಲಿಶ್ ಜನ ಸುಮಾರು 17 ಸಾವಿರ. ಎರಡೇ ವರ್ಷದಲ್ಲಿ ಲೆಕ್ಕ ತಿರುಗಿತು. 1947ರ ಕೊನೆಗೆ ಉಳಿದ ಜರ್ಮನ್ನರು ಕೆಲವೇ ಸಾವಿರ. ಆರು ಲಕ್ಷ ಜನರ ಊರು, ಪೂರ್ತಿ ಬೇರೆ ಜನರ ಊರಾಯಿತು.

ಅಜ್ಜಿಯ ಅಪ್ಪ ಅಮ್ಮ ಬಂದದ್ದು ಲ್ವಿವ್‌ನಿಂದ. ಅಪ್ಪ ಅಲ್ಲಿ ಟ್ರಾಮ್ ಓಡಿಸುತ್ತಿದ್ದರಂತೆ, ಇಲ್ಲಿಗೆ ಬಂದೂ ಟ್ರಾಮ್ ಓಡಿಸಿದರು. ದನ ಸಾಗಿಸುವ ರೈಲಿನ ಡಬ್ಬಿಯಲ್ಲಿ ಎರಡು ವಾರದ ಪ್ರಯಾಣ. ಅವರಿಗೆ ಕೊಟ್ಟ ಮನೆಯಲ್ಲಿ ಒಬ್ಬ ಜರ್ಮನ್ ಹೆಂಗಸು, ಅವಳ ಮಗ ಇನ್ನೂ ಇದ್ದರು. ಇದು ಆಗ ಊರಲ್ಲೆಲ್ಲ ಸಾಮಾನ್ಯ. ಒಂದೇ ಅಡುಗೆಮನೆಯಲ್ಲಿ ಹೊರಡುವವರೂ ಬಂದವರೂ ತಿಂಗಳುಗಟ್ಟಲೆ ಒಟ್ಟಿಗೆ ಇದ್ದರು. ಅಜ್ಜಿಯ ಅಮ್ಮನ ಅಣ್ಣನನ್ನು ಜರ್ಮನ್ ಸೈನಿಕರು ಕೊಂದಿದ್ದರು. ಆ ಹೆಂಗಸಿನ ಗಂಡ ಪೂರ್ವದ ರಣರಂಗದಿಂದ ವಾಪಸ್ ಬಂದಿರಲಿಲ್ಲ. ಅವಳ ಅತ್ತೆ ಮುತ್ತಿಗೆಯ ಕಾಲದಲ್ಲಿ ಸತ್ತಿದ್ದಳು. ಇಬ್ಬರು ಹೆಂಗಸರೂ ಮೊದಲ ತಿಂಗಳು ಮಾತೇ ಆಡಲಿಲ್ಲವಂತೆ.

"ಆಮೇಲೆ?"

"ಆಮೇಲೆ ಚಳಿ ಬಂತು. ಒಲೆ ಒಂದೇ ಇತ್ತಲ್ಲ."

1946ರಲ್ಲಿ ಆ ಹೆಂಗಸಿನ ಸರದಿ ಬಂತು. ಕೈಲಿ ಹೊರಲು ಆದಷ್ಟು ಗಂಟು ಮಾತ್ರ. ಹೋಗುವ ಮುಂಚೆ ಅವಳು ಅಜ್ಜಿಯ ಅಮ್ಮನನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋದಳಂತೆ. ಯಾವ ಕಿಟಕಿ ಬಿಗಿ, ಯಾವ ಒಲೆ ಹೊಗೆ ಕಾರುತ್ತದೆ, ನೆಲಮಾಳಿಗೆಯ ಬೀಗ ಹೇಗೆ ತೆಗೆಯಬೇಕು. ಆಮೇಲೆ ಬೀಗದ ಕೈ ಮೇಜಿನ ಮೇಲಿಟ್ಟು ಮಗನ ಕೈ ಹಿಡಿದು ಇಳಿದುಹೋದಳು. ಅವಳ ಹೆಸರು ಅಮ್ಮ ಹೇಳಿದ್ದಳು, ನನಗೆ ಮರೆತುಹೋಗಿದೆ ಅಂತ ಅಜ್ಜಿ ಕಣ್ಣು ಒರೆಸಿಕೊಂಡರು.

ಈ ಊರಿನವರೆಲ್ಲ ಲ್ವಿವ್‌ನವರು ಅಂತ ಒಂದು ನಂಬಿಕೆ ಇದೆ. ಹಾಗಿಲ್ಲ. ಜಾಸ್ತಿ ಜನ ಬಂದದ್ದು ಪೋಲೆಂಡಿನ ಒಳನಾಡಿನಿಂದ, ಪೊಜ್ನಾನ್ ಸೀಮೆಯಿಂದ, ವಾರ್ಸಾ ಸುತ್ತಲಿನ ಹಳ್ಳಿಗಳಿಂದ. ಎಷ್ಟೋ ಜನ ಅದುವರೆಗೆ ಪಟ್ಟಣವನ್ನೇ ನೋಡಿರಲಿಲ್ಲ. ಆದರೆ ಲ್ವಿವ್‌ನಿಂದ ಬಂದವರಲ್ಲಿ ಪ್ರೊಫೆಸರ್‌ಗಳಿದ್ದರು, ಗ್ರಂಥಪಾಲಕರಿದ್ದರು. ಊರಿನ ಕಥೆ ಬರೆದವರು ಅವರೇ. ಲ್ವಿವ್‌ನ ಒಸ್ಸೊಲಿನೆವುಂ ಗ್ರಂಥಾಲಯದ ಒಂದು ಭಾಗವನ್ನೂ ಇಲ್ಲಿಗೆ ತಂದರು. ರಿನೆಕ್‌ನಲ್ಲಿ ಪ್ರಷ್ಯಾದ ರಾಜ ಕುದುರೆ ಮೇಲೆ ಕೂತಿದ್ದ ಜಾಗದಲ್ಲಿ ಈಗ ಲ್ವಿವ್‌ನ ನಾಟಕಕಾರ ಅಲೆಕ್ಸಾಂದರ್ ಫ್ರೆದ್ರೋನ ಪ್ರತಿಮೆ ಇದೆ. ಅದೂ ಲ್ವಿವ್‌ನಲ್ಲೇ ಇದ್ದದ್ದು, 1956ರಲ್ಲಿ ಇಲ್ಲಿ ನಿಲ್ಲಿಸಿದರು.

ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಬೇರೆ ಕಥೆ ಹೇಳಿತು. ಇದು ನಮ್ಮದೇ ನೆಲ, ಪಿಯಾಸ್ಟ್ ದೊರೆಗಳ ನೆಲ, ಈಗ ವಾಪಸ್ ಸಿಕ್ಕಿದೆ ಅಂತ. ಜರ್ಮನ್ ಫಲಕಗಳನ್ನು ಕಿತ್ತರು, ಗೋಡೆಯ ಅಕ್ಷರ ಕೆರೆದರು. 1948ರಲ್ಲಿ ದೊಡ್ಡ ವಸ್ತುಪ್ರದರ್ಶನ ಮಾಡಿದರು. ಮಾಡಿದ ಜಾಗ ಯಾವುದು ಗೊತ್ತಾ? ನೆಪೋಲಿಯನ್ ವಿರುದ್ಧ ಪ್ರಷ್ಯಾದ ರಾಜ ಇದೇ ಊರಿಂದ ಜನರಿಗೆ ಕರೆ ಕೊಟ್ಟ ನೂರನೇ ವರ್ಷಕ್ಕೆ ಅಂತ ಜರ್ಮನ್ನರು 1913ರಲ್ಲಿ ಕಟ್ಟಿದ ಶತಮಾನ ಭವನ. ಮ್ಯಾಕ್ಸ್ ಬರ್ಗ್ ಅನ್ನುವ ವಾಸ್ತುಶಿಲ್ಪಿಯದು. ಕಾಂಕ್ರೀಟಿನ ಗುಮ್ಮಟ, 65 ಮೀಟರ್ ಅಗಲ, ನಡುವೆ ಒಂದು ಕಂಬ ಇಲ್ಲ. ಅದರ ಕೆಳಗೆ ಹಿಟ್ಲರ್ ಭಾಷಣ ಮಾಡಿದ್ದ. ಅದೇ ಸೂರಿನ ಕೆಳಗೆ ಈ ಊರು ಯಾವತ್ತೂ ಪೋಲಿಶರದೇ ಅಂತ ತೋರಿಸಿದರು. ಜನ ನೋಡಿ ಬಂದರು. ನಂಬಿದರಾ? ಅಜ್ಜಿಯ ಅಪ್ಪ ನಂಬಲಿಲ್ಲ. ಲ್ವಿವ್‌ನಿಂದ ತಂದ ಮರದ ಪೆಟ್ಟಿಗೆಯನ್ನು ಅವರು ಬಿಚ್ಚಲೇ ಇಲ್ಲ. ಮೇಲಿನ ನಾಲ್ಕು ಬಟ್ಟೆ ಬಿಟ್ಟು ಉಳಿದದ್ದು ಒಳಗೇ. ಜರ್ಮನ್ನರು ಒಂದಿನ ವಾಪಸ್ ಬರ್ತಾರೆ, ನಾವೂ ಲ್ವಿವ್‌ಗೆ ಹೋಗ್ತೀವಿ ಅಂತ ಕಾದರು. ಇದು ಅವರೊಬ್ಬರ ಹಟವಲ್ಲ. 'ಪೆಟ್ಟಿಗೆಯ ಮೇಲೆ ಕೂತಿದ್ದೇವೆ' ಅನ್ನೋದು ಆ ತಲೆಮಾರಿನವರೆಲ್ಲ ಹೇಳುತ್ತಿದ್ದ ಮಾತು.

ನನ್ನದಲ್ಲದ ಮನೆಗೆ ಸುಣ್ಣ ಹೊಡೆಯಲು ಯಾರಿಗೆ ಮನಸ್ಸು ಬರುತ್ತದೆ? ದಶಕಗಟ್ಟಲೆ ಊರು ಹಾಗೇ ಇತ್ತು. ಸರ್ಕಾರವೂ ಇಲ್ಲಿನ ಇಟ್ಟಿಗೆ ಕಿತ್ತು ವಾರ್ಸಾ ಕಟ್ಟಲು ಸಾಗಿಸಿತು.

ನಾನು ಇಂಡಿಯಾದವಳು ಅಂದಾಗ ಅಜ್ಜಿ ಮೊದಲ ದಿನವೇ ತೋಳು ಮೇಲೆತ್ತಿ ಒಂದು ಕಲೆ ತೋರಿಸಿದ್ದರು. 1963ರ ಬೇಸಿಗೆಯಲ್ಲಿ ಈ ಊರಿಗೆ ಸಿಡುಬು ಬಂತು. ಇಂಡಿಯಾಕ್ಕೆ ಹೋಗಿಬಂದ ಒಬ್ಬ ಸರ್ಕಾರಿ ಅಧಿಕಾರಿಯ ಮೂಲಕ ಬಂದದ್ದು. 99 ಜನಕ್ಕೆ ತಗುಲಿತು, 7 ಜನ ಸತ್ತರು. ಊರಿನ ಸುತ್ತ ಕಾವಲು ಹಾಕಿದರು. ಊರಿನ ಬಹುಪಾಲು ಎಲ್ಲರಿಗೂ ಲಸಿಕೆ ಹಾಕಿದರು. ಅಜ್ಜಿಗೆ ಆಗ 15 ವರ್ಷ. "ಎಲ್ಲಿಂದಲೋ ಬಂದವರೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ವಿ. ಅವತ್ತು ಮೊದಲ ಸಲ ಅಕ್ಕಪಕ್ಕದವರನ್ನು ನೋಡಿದೆ ಅನ್ನಿಸಿತು" ಅಂದರು.

1965ರಲ್ಲಿ ಇನ್ನೊಂದು ದೊಡ್ಡ ಕೆಲಸ ಆಯಿತು. ಪೋಲೆಂಡಿನ ಬಿಷಪ್‌ಗಳು ಜರ್ಮನ್ ಬಿಷಪ್‌ಗಳಿಗೆ ಒಂದು ಪತ್ರ ಬರೆದರು. ಕ್ಷಮಿಸುತ್ತೇವೆ, ಕ್ಷಮೆ ಕೇಳುತ್ತೇವೆ ಅಂತ. ಅದನ್ನು ಬರೆದವರು ಈ ಊರಿನ ಬೊಲೆಸ್ವಾಫ್ ಕೊಮಿನೆಕ್. ಯುದ್ಧ ಮುಗಿದು ಇಪ್ಪತ್ತೇ ವರ್ಷ ಆಗಿತ್ತು. ಸರ್ಕಾರ ಸಿಡಿದುಬಿತ್ತು. ನಾವ್ಯಾಕೆ ಕ್ಷಮೆ ಕೇಳಬೇಕು ಅಂತ ಜನರಿಗೂ ಸಿಟ್ಟು. ನನಗೆ ಆ ಸಿಟ್ಟು ಅರ್ಥವಾಗುತ್ತದೆ. ಆದರೂ ಆ ಪತ್ರ ಆ ಊರು ಕಂಡ ಅತಿ ಧೈರ್ಯದ ಕೆಲಸ ಅಂತ ನನ್ನ ನಂಬಿಕೆ. 1970ರ ಡಿಸೆಂಬರಿನಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲಿ ಬ್ರಾಂಟ್ ವಾರ್ಸಾಗೆ ಬಂದು ಹೊಸ ಗಡಿಯನ್ನು ಒಪ್ಪುವ ಒಪ್ಪಂದಕ್ಕೆ ಸಹಿ ಹಾಕಿದರು. ಒಂದಾದ ಜರ್ಮನಿ ಗಡಿಯನ್ನು ಪೂರ್ತಿ ಒಪ್ಪಿದ್ದು 1990ರಲ್ಲಿ. ಜನಸಂಖ್ಯೆ ಅಷ್ಟರಲ್ಲಿ ಯುದ್ಧದ ಮುಂಚಿನ ಮಟ್ಟ ಮುಟ್ಟಿತ್ತು. ನಡುವೆ 'ಸಾಲಿಡಾರಿಟಿ' ಅನ್ನುವ ಕಾರ್ಮಿಕ ಚಳವಳಿಯ ದೊಡ್ಡ ಕೋಟೆಯೂ ಇದೇ ಊರಾಯಿತು. ಆಗ ಕಮ್ಯುನಿಸ್ಟರ ವಿರುದ್ಧ ಹುಡುಗರು ಗೋಡೆ ಮೇಲೆ ಬರೆದ ಕುಳ್ಳರ ಚಿತ್ರವೇ ಈಗ ಬೀದಿ ಬೀದಿಯಲ್ಲಿ ಕಂಚಿನ ಬೊಂಬೆಗಳಾಗಿ ನಿಂತಿರುವುದು.

ಅಪ್ಪನ ಪೆಟ್ಟಿಗೆ ಯಾವಾಗ ಬಿಚ್ಚಿದ್ದು ಅಂತ ಕೇಳಿದೆ. ಅಜ್ಜಿ ತಟ್ಟನೆ 1997 ಅಂದರು. ಆ ಜುಲೈನಲ್ಲಿ ಓದ್ರಾ ಉಕ್ಕಿತು. 1903ರ ನೆರೆ ಆದಮೇಲೆ ಜರ್ಮನ್ನರು ನೀರು ಹೊರಗೆ ಹೋಗಲಿ ಅಂತ ದೊಡ್ಡ ಕಾಲುವೆಗಳನ್ನು ತೋಡಿದ್ದರು. ಈ ಸಲ ಅವೂ ಸಾಲಲಿಲ್ಲ. ಊರು ಉಳಿಸಲು ಮೇಲಿನ ವಾನಿ ಹಳ್ಳಿಯ ಹತ್ತಿರ ಏರಿ ಒಡೆಯಬೇಕು ಅಂತ ಅಧಿಕಾರಿಗಳು ಹೊರಟರು. ಹಳ್ಳಿಯವರು ಅಡ್ಡ ನಿಂತರು. ಜುಲೈ 12ಕ್ಕೆ ನೀರು ಊರೊಳಗೆ ಬಂತು. ಕೊಜಾನುಫ್ ಬಡಾವಣೆ ಮುಳುಗಿತು. ನೆರೆ ನೀರು ಹರಡುವ ತಗ್ಗಿನಲ್ಲಿ ಕಟ್ಟಿದ ಬಡಾವಣೆ ಅದು. ಚರ್ಚುಗಳ ದ್ವೀಪ ಓಸ್ತ್ರೂಫ್ ತುಮ್ಸ್ಕಿಯನ್ನು, ಒಸ್ಸೊಲಿನೆವುಂನ ಪುಸ್ತಕಗಳನ್ನು ಉಳಿಸಲು ಯಾರೂ ಕರೆಯದೆ ಜನ ಬಂದರು. ಹಗಲು ರಾತ್ರಿ ಮರಳು ಮೂಟೆ ಕೈಯಿಂದ ಕೈಗೆ ದಾಟಿತು. ಜರ್ಮನ್ ಗೋಡೆ, ಪೋಲಿಶ್ ಗೋಡೆ ಅಂತ ಯಾರೂ ನೋಡಲಿಲ್ಲ.

ಅಜ್ಜಿಯ ಅಪ್ಪ ಆಗ ಹಣ್ಣು ಹಣ್ಣು ಮುದುಕ. ಮೂಟೆ ಹೊರಲು ಆಗಲಿಲ್ಲ. ಬಿಸಿ ಟೀ ಮಾಡಿ ಕೆಳಗೆ ಕಳಿಸಿದರು. ಆಮೇಲೆ ಚೀಲ ಕಮ್ಮಿ ಬಿತ್ತು ಅಂದಾಗ ಐವತ್ತು ವರ್ಷದ ಪೆಟ್ಟಿಗೆ ತೆಗೆದು ಅದರೊಳಗಿನ ದಪ್ಪ ನಾರಿನ ಬಟ್ಟೆ, ಹಾಸಿಗೆ ಹೊದಿಕೆ ಎಲ್ಲ ಕೊಟ್ಟುಬಿಟ್ಟರಂತೆ.

ನಾನಿದ್ದ ಮಹಡಿಯ ಮೇಲೆ ಒಂದು ಉಕ್ರೇನಿನ ಕುಟುಂಬವಿತ್ತು. ತಾಯಿ, ಇಬ್ಬರು ಮಕ್ಕಳು. 2022ರ ಮಾರ್ಚಿನಲ್ಲಿ ಬಂದವರು, ಲ್ವಿವ್ ಮೂಲಕ. ಅಂಗಡಿಯಲ್ಲಿ, ಟ್ರಾಮಿನಲ್ಲಿ ಈಗ ಉಕ್ರೇನಿಯನ್ ಮಾತು ಎಲ್ಲೆಲ್ಲೂ ಕೇಳುತ್ತದೆ. ಆ ಮನೆಯ ಕೀ ಕೊಡುವಾಗ ಅಜ್ಜಿ ಅವರನ್ನು ಕೋಣೆಯಿಂದ ಕೋಣೆಗೆ ಕರೆದುಕೊಂಡು ಹೋಗಿ ಯಾವ ಕಿಟಕಿ ಬಿಗಿ ಅಂತ ತೋರಿಸಿದರು ಅಂತ ಮೊಮ್ಮಗಳು ಹೇಳಿದಳು.

ನವೆಂಬರ್ 1 ಅಲ್ಲಿ ಸತ್ತವರ ದಿನ. ಊರಿಗೆ ಊರೇ ಸ್ಮಶಾನಕ್ಕೆ ಹೋಗಿ ಸಮಾಧಿಗಳ ಮೇಲೆ ದೀಪ ಹಚ್ಚುತ್ತದೆ. ನಾನೂ ಅಜ್ಜಿಯ ಜೊತೆ ಗ್ರಬಿಶಿನ್‌ಗೆ ಹೋದೆ. ಅಪ್ಪ ಅಮ್ಮನ ಸಮಾಧಿ ತೊಳೆದರು, ಸೇವಂತಿಗೆ ಇಟ್ಟರು, ದೀಪ ಹಚ್ಚಿದರು. ಆಮೇಲೆ ಚೀಲದಲ್ಲಿ ಇನ್ನೊಂದು ದೀಪ ಉಳಿದಿತ್ತು. ಅದನ್ನು ಹಿಡಿದು ಪಕ್ಕದ ಉದ್ಯಾನಕ್ಕೆ ನಡೆದರು. ಆ ಉದ್ಯಾನವೂ ಹಿಂದೆ ಸ್ಮಶಾನವೇ. ಯುದ್ಧದ ನಂತರದ ದಶಕಗಳಲ್ಲಿ ಊರಿನ ಜರ್ಮನ್ ಸ್ಮಶಾನಗಳನ್ನು ಒಂದೊಂದಾಗಿ ಅಳಿಸಿಹಾಕಿದರು. ಕಲ್ಲುಗಳು ಕಟ್ಟಡ ಕೆಲಸಕ್ಕೆ ಹೋದವು. 2008ರಲ್ಲಿ, ಉಳಿದ ಗೋರಿಕಲ್ಲುಗಳನ್ನು ಜೋಡಿಸಿ ಅಲ್ಲೊಂದು ಗೋಡೆ ಕಟ್ಟಿದ್ದಾರೆ. ಈಗ ಇಲ್ಲದ ಸ್ಮಶಾನಗಳಲ್ಲಿ ಮಲಗಿರುವ ನಮ್ಮ ಊರಿನ ಹಿಂದಿನ ನಿವಾಸಿಗಳಿಗೆ ಅಂತ ಎರಡೂ ಭಾಷೆಯಲ್ಲಿ ಬರೆದಿದೆ.

ಕತ್ತಲಾಗುತ್ತಿತ್ತು. ಗೋಡೆಯ ಬುಡದಲ್ಲಿ ಆಗಲೇ ಹತ್ತಾರು ದೀಪಗಳಿದ್ದವು. ಗಾಳಿಗೆ ಕಡ್ಡಿ ನಿಲ್ಲುತ್ತಿರಲಿಲ್ಲ. ನಾನು ಎರಡೂ ಕೈ ಅಡ್ಡ ಹಿಡಿದೆ. ಮೂರನೇ ಕಡ್ಡಿಗೆ ಹತ್ತಿತು.

"ಯಾರಿಗೆ ಅಜ್ಜಿ?" ಅಂತ ಕೇಳಿದೆ.

"ಆ ಹೆಂಗಸಿನ ಅತ್ತೆಗೆ" ಅಂದರು. "ಅವಳನ್ನು ಇಲ್ಲೇ ಎಲ್ಲೋ ಹೂತಿದ್ದರಂತೆ. ಹೋಗುವಾಗ ನೋಡಿಕೊಳ್ಳಿ ಅಂತ ನಮ್ಮಮ್ಮನಿಗೆ ಹೇಳಿದ್ದಳು."